ಒಂದೇ ಕೈಯ ಸನ್ನೆ

ನನ್ನ ಅಪ್ಪ ಕ್ರಾಂತಿಕಾರಿಯಲ್ಲ. ಪೆದ್ದನೂ ಅಲ್ಲ. ಈ ಊರಿನ ಅರ್ಧ ಜನ ಅವನನ್ನು ಮೊದಲನೆಯದು ಅನ್ನುತ್ತಾರೆ, ಇನ್ನರ್ಧ ಜನ ಎರಡನೆಯದು ಅನ್ನುತ್ತಾರೆ. ಎರಡೂ ಸುಳ್ಳು. ನನ್ನ ಬಾಯಿ ಸರಿಯಿಲ್ಲ ಎಂದು ನಮ್ಮ ಬೀದಿಯಲ್ಲಿ ಮಾತಿದೆ. ಇರಲಿ. ಆ ಸರಿಯಿಲ್ಲದ ಬಾಯಿಂದಲೇ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಅಪ್ಪನೇ ಹೇಳಲಿ ಎಂದರೆ ಅವನಿಗೆ ಆಗುವುದಿಲ್ಲ. ಅವನ ಕಿವಿಯನ್ನು ಮಗ್ಗ ತಿಂದುಹಾಕಿ ಬಹಳ ಕಾಲವಾಯಿತು. ತನ್ನ ದನಿ ಎಷ್ಟು ದೊಡ್ಡದು ಎಂದು ತಿಳಿಯದೆ ನಾಚಿ, ಬಾಯಿಂದ ಮಾತಾಡುವುದನ್ನೇ ಬಿಟ್ಟಿದ್ದಾನೆ.

ನಮ್ಮದು ಹಳೇ ಕಾಲದ ಮಗ್ಗದ ಶೆಡ್ಡು. ಒಂದೇ ಒಂದು ದೊಡ್ಡ ಮೋಟಾರು. ಅದು ಸೂರಿನ ಕೆಳಗೆ ಈ ಗೋಡೆಯಿಂದ ಆ ಗೋಡೆಗೆ ಹಾಯ್ದ ಕಬ್ಬಿಣದ ಶಾಫ್ಟನ್ನು ತಿರುಗಿಸುತ್ತದೆ. ಶಾಫ್ಟಿನಿಂದ ಒಂದೊಂದು ಮಗ್ಗಕ್ಕೂ ಒಂದೊಂದು ಬೆಲ್ಟು ಇಳಿಯುತ್ತದೆ. ಬೆಲ್ಟಿನ ಸುತ್ತ ಏನೂ ಅಡ್ಡ ಇಲ್ಲ. ಬಟ್ಟೆ ಸಿಕ್ಕರೆ ಬಟ್ಟೆ, ಕೂದಲು ಸಿಕ್ಕರೆ ಕೂದಲು, ಕೈ ಸಿಕ್ಕರೆ ಕೈ. ನಾವು ಅದರ ಪಕ್ಕದಲ್ಲಿ ಇಡೀ ದಿನ ನಿಂತಿರುತ್ತೇವೆ. ಸಂಜೆಗೆ ಕಾಲು ಊದಿ ಚಪ್ಪಲಿ ಒಳಗೆ ಹೋಗುವುದಿಲ್ಲ. ಕೆಮ್ಮಿದರೆ ಹತ್ತಿ ಬರುತ್ತದೆ.

ಒಳಗೆ ಆ ಸದ್ದು! ಪಕ್ಕದವಳು ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸುವುದಿಲ್ಲ. ಅದಕ್ಕೇ ನಮ್ಮ ಮಾತೆಲ್ಲ ಕೈಯಲ್ಲಿ, ಹುಬ್ಬಿನಲ್ಲಿ, ತುಟಿಯಲ್ಲಿ. ನೂಲು ಮುಗಿಯಿತು, ನೀರು ತಾ, ಮೇಸ್ತ್ರಿ ಬಂದ, ನಿಮ್ಮತ್ತೆ ಹೇಗಿದ್ದಾಳೆ, ಇನ್ನೂ ಬದುಕಿದ್ದಾಳಾ, ಎಲ್ಲಕ್ಕೂ ಸನ್ನೆ ಇದೆ. ಮಾಲೀಕರು ಗಾಜಿನ ಕೋಣೆಯಲ್ಲಿ ಕೂತು ಫೋನಿನಲ್ಲಿ ಗುಟ್ಟು ಮಾತಾಡಿದರೆ ಅವರ ತುಟಿ ನೋಡಿಯೇ ಇಡೀ ಶೆಡ್ಡಿಗೆ ವಿಷಯ ಗೊತ್ತಾಗಿರುತ್ತದೆ. ಪಾಪ, ಅವರಿಗೆ ಇವತ್ತಿಗೂ ಅದು ಗೊತ್ತಿಲ್ಲ.

ಒಂದು ಸನ್ನೆಯನ್ನು ಮಾತ್ರ ಯಾರೂ ತಮಾಷೆಗೆ ಮಾಡುವ ಹಾಗಿಲ್ಲ. ಮುಷ್ಟಿ ಕಟ್ಟಿ ನೆತ್ತಿಯ ಮೇಲೆ ಬಡಿದುಕೊಳ್ಳುವುದು. ಕೈ ಸಿಕ್ಕಿಬಿದ್ದಿದೆ, ಕರೆಂಟು ತೆಗಿ ಎಂದು ಅದರ ಅರ್ಥ. ಒಂದು ಕೈ ಬೆಲ್ಟಿನಲ್ಲಿದ್ದರೆ ಇನ್ನೊಂದೇ ಕೈ ಉಳಿದಿರುತ್ತದಲ್ಲ, ಅದಕ್ಕೇ ಅದು ಒಂದೇ ಕೈಯ ಸನ್ನೆ. ನಮ್ಮ ಬೀದಿಯ ಮಕ್ಕಳು ಆಟದಲ್ಲಿ ಹಾಗೆ ಮಾಡಿದರೆ ಕೆನ್ನೆಗೆ ಬೀಳುತ್ತದೆ.

ಆ ಸನ್ನೆಯನ್ನು ಕಾಯುವುದೇ ಅಪ್ಪನ ಕೆಲಸ. ಮಗ್ಗ ನಡೆಸಿ ಕಿವಿ ಹೋದ ಮೇಲೆ ಅವನನ್ನು ದೊಡ್ಡ ಬಾಗಿಲ ಪಕ್ಕ ಮೇನ್ ಸ್ವಿಚ್ಚಿನ ಹತ್ತಿರ ಕೂರಿಸಿದರು. ಅಲ್ಲಿ ಕಿವಿ ಬೇಕಾಗಿಲ್ಲ, ಕಣ್ಣು ಬೇಕು. ಅವನು ಊಟವನ್ನೂ ಶೆಡ್ಡಿನ ಕಡೆ ಮುಖ ಮಾಡಿಯೇ ಮಾಡುತ್ತಿದ್ದ. ಅವನು ಕೂತ ಮೇಲೆ ಬೆಲ್ಟಿಗೆ ಕೈ ಕೊಟ್ಟವರು ಉಂಟು. ಚರ್ಮ ಸುಲಿಯಿತು, ಉಗುರು ಹೋಯಿತು. ಕೈ ಮಾತ್ರ ಯಾರದೂ ಹೋಗಲಿಲ್ಲ.

ಈಗ ನಾಟಕದವರ ವಿಷಯಕ್ಕೆ ಬರುತ್ತೇನೆ.

ನಮ್ಮ ಸಂಘದ ಅಧ್ಯಕ್ಷ ಮೊದಲು ನಮ್ಮ ಹಾಗೇ ಮಗ್ಗ ನಡೆಸಿದವನು. ಒಳ್ಳೆಯವನು. ಕುಡಿಯುವ ನೀರಿನ ನಲ್ಲಿ, ಹೆಂಗಸರಿಗೆ ಚಿಲಕ ಇರುವ ಕಕ್ಕಸು, ಒಂದು ಫ್ಯಾನು, ಹೀಗೆ ಒಂದೊಂದನ್ನೇ ಕೈಮುಗಿದು, ಕಾಲುಹಿಡಿದು, ಕಾಡಿ ಬೇಡಿ ತಂದವನು. ಅವನ ಹತ್ತಿರಕ್ಕೆ ನಾಟಕದ ತಂಡದ ಮುಖ್ಯಸ್ಥ ಬಂದ. ನಾವು ಅವನನ್ನು ಕನ್ನಡಕ ಎಂದು ಕರೆಯುತ್ತಿದ್ದೆವು. ದಪ್ಪ ಗಾಜು, ತೆಳ್ಳಗಿನ ದೇಹ, ಓದಿದವನು. ಅವನೂ ಒಳ್ಳೆಯವನೇ. ನಮ್ಮ ಜೊತೆ ನೆಲದ ಮೇಲೆ ಕೂತು ಉಣ್ಣುತ್ತಿದ್ದ, ತಟ್ಟೆ ತಾನೇ ತೊಳೆಯುತ್ತಿದ್ದ. ಇಬ್ಬರೂ ಕೆಟ್ಟವರಾಗಿದ್ದರೆ ನನಗೆ ಬೈಯಲಿಕ್ಕೆ ಸುಲಭವಾಗುತ್ತಿತ್ತು.

ನಿಮ್ಮ ಕಥೆಯನ್ನು ನೀವೇ ಆಡಬೇಕು ಎಂದ ಕನ್ನಡಕ. ಕಥೆ ಇಷ್ಟೇ. ಇಬ್ಬರು ಅಣ್ಣತಮ್ಮಂದಿರು, ಒಬ್ಬಳು ತಂಗಿ. ಬೆಲ್ಟಿಗೆ ತಂತಿಯ ಜಾಲರಿ ಹಾಕಿಸಿಕೊಡಿ ಎಂದು ಅಣ್ಣ ಮನವಿ ಕೊಡುತ್ತಾನೆ. ಜಾಲರಿ ಯಾಕೆ, ಶೆಡ್ಡೇ ನಮ್ಮದಾಗಬೇಕು ಎಂದು ತಮ್ಮ ಹೇಳುತ್ತಾನೆ. ಇವರ ವಾದ ನಡೆಯುತ್ತಿರುವಾಗ ತಂಗಿಯ ಕೈ ಬೆಲ್ಟಿಗೆ ಹೋಗುತ್ತದೆ. ತಂಗಿಯ ಪಾತ್ರ ಗುಬ್ಬಿಗೆ. ಗುಬ್ಬಿ ನನ್ನ ಪಕ್ಕದ ಮಗ್ಗದವಳು. ಪುಟ್ಟ ಆಳು, ಚೂಟಿ, ನಗಿಸಿ ನಗಿಸಿ ಸಾಯಿಸುತ್ತಾಳೆ. ಅಪ್ಪನನ್ನು ಅವಳು ಮಾವ ಎಂದು ಕರೆಯುತ್ತಿದ್ದಳು. ಅದಕ್ಕೆ ಬೇರೆ ಒಂದು ಸನ್ನೆ ಮಾಡಿಕೊಂಡಿದ್ದಳು, ಮೂಗಿನ ಕೆಳಗೆ ಬೆರಳಿಟ್ಟು ಅಪ್ಪನ ಮೀಸೆ ತೋರಿಸುವುದು.

ಸಂಘದ ಕೋಣೆಯಲ್ಲಿ ತಾಲೀಮು ನಡೆಯುತ್ತಿತ್ತು. ನಾಟಕಕ್ಕಿಂತ ಜಗಳವೇ ಹೆಚ್ಚು.

"ಕೊನೇಲಿ ಜಾಲರಿ ಬಂತು ಅಂತ ತೋರ್ಸಿ ಸಾರ್," ಎಂದ ಅಧ್ಯಕ್ಷ. "ನೋಡ್ದೋರಿಗೆ ಒಂದು ಧೈರ್ಯ ಬರುತ್ತೆ."

"ಜಾಲರಿ ಬಂದ್ರೆ ಜನ ಮನೆಗೆ ಹೋಗಿ ಮಲ್ಕೊಂಡ್ಬಿಡ್ತಾರೆ," ಎಂದ ಕನ್ನಡಕ. "ನೂರು ವರ್ಷ ಒಂದೊಂದು ತುಂಡು ಬೇಡ್ತಾ ಕೂತ್ಕೊಳ್ಳೋಕಾಗುತ್ತಾ? ಇವತ್ತು ಜಾಲರಿ, ನಾಳೆ ಸೋಪು. ಮಗ್ಗ ಯಾರ್ದು ಅಂತ ಕೇಳೋದು ಯಾವಾಗ?"

"ನೀವು ಕೇಳಿ ಬಸ್ಸು ಹತ್ತಿ ಹೋಗ್ತೀರಿ. ಬೆಳಿಗ್ಗೆ ಗೇಟಿನ ಮುಂದೆ ನಿಲ್ಲೋರು ನಾವು."

"ನಿಂತ್ಕೊಂಡೇ ಇದೀರಲ್ಲ, ಇಷ್ಟು ವರ್ಷದಿಂದ."

ಗುಬ್ಬಿ ಕೈ ಎತ್ತಿದಳು. "ಜಾಲರಿ ಬಂದ್ರೂ, ಬೆಂಕಿ ಬಿದ್ರೂ, ನಡುವೆ ನನ್ನ ಕೈ ಹೋಗೋದಂತೂ ಗ್ಯಾರಂಟಿ ಅಲ್ವಾ? ಅದರ ಬಗ್ಗೆ ಯಾರೂ ಮಾತಾಡ್ತಾನೇ ಇಲ್ಲ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವರಿಬ್ಬರೂ ನಕ್ಕರು. ನಕ್ಕು ಮತ್ತೆ ಅದೇ ಜಗಳಕ್ಕೆ ಹೋದರು.

ಕನ್ನಡಕನಿಗೆ ನಮ್ಮ ಮೇಲೆ ಒಂದೇ ದೂರು. ನಮಗೆ ಕಿರುಚಲು ಬರುವುದಿಲ್ಲ. ಕೈ ಸಿಕ್ಕಿಬಿದ್ದ ದೃಶ್ಯದಲ್ಲಿ ಗುಬ್ಬಿ ಬಾಯಿ ತೆರೆಯುತ್ತಿದ್ದಳು, ದನಿ ಹೊರಡುತ್ತಿರಲಿಲ್ಲ. "ಕಿರುಚಮ್ಮಾ! ಕೊನೇ ಸಾಲಿನೋರಿಗೂ ಎದೆ ಝಲ್ ಅನ್ನಬೇಕು!" ಎಂದು ಅವನು ಕುಣಿಯುತ್ತಿದ್ದ. "ಶೆಡ್ಡಲ್ಲಿ ಕಿರುಚಿದ್ರೆ ಯಾರಿಗೆ ಕೇಳ್ಸುತ್ತೆ ಸಾರ್? ಅಭ್ಯಾಸ ಇಲ್ಲ," ಎನ್ನುತ್ತಿದ್ದಳು ಇವಳು. ಮನೆಯಲ್ಲಿ ಅಭ್ಯಾಸ ಮಾಡು ಎಂದ. ಮಾಡಿದಳು. ಪಕ್ಕದ ಮನೆಯವರು ಹಾವು ಬಂತೆಂದು ದೊಣ್ಣೆ ಹಿಡಿದುಕೊಂಡು ಬಂದರಂತೆ. ಅಂತೂ ಇಂತೂ ಕಿರುಚಲು ಕಲಿತಳು. ನೆತ್ತಿಗೆ ಬಡಿದುಕೊಳ್ಳುವ ಸನ್ನೆಯನ್ನು ತಾಲೀಮಿನಲ್ಲಿ ಯಾರೂ ಮಾಡಲಿಲ್ಲ. ಕನ್ನಡಕನಿಗೆ ಅದು ಗೊತ್ತೇ ಇರಲಿಲ್ಲ. ನಮಗೆ ಗೊತ್ತಿತ್ತು, ಅದಕ್ಕೇ ಮಾಡಲಿಲ್ಲ.

ಪಾಳಿ ಬದಲಾಗುವ ಹೊತ್ತಿಗೆ, ದೊಡ್ಡ ಬಾಗಿಲ ಎದುರಿನ ಬಯಲಿನಲ್ಲಿ ನಾಟಕ. ಸೆಕೆಗೆ ಬಾಗಿಲು ತೆರೆದಿತ್ತು. ಒಳಗೆ ಮಧ್ಯಾಹ್ನದ ಪಾಳಿಯವರ ಮಗ್ಗಗಳು ಓಡುತ್ತಿದ್ದವು. ಬೆಳಗಿನ ಪಾಳಿ ಮುಗಿಸಿದ ನಾವು ಹೊರಗೆ. ಅಪ್ಪ ಬಾಗಿಲ ಒಳಗೆ, ತನ್ನ ಜಾಗದಲ್ಲಿ. ಹೊರಗೆ ನಾಟಕ ಇದೆ ಎಂದು ಅವನಿಗೆ ನಾನೇ ಹೇಳಿದ್ದೆ.

ಅಣ್ಣ ಮನವಿ ಓದಿದ. ತಮ್ಮ ಅದನ್ನು ಕಿತ್ತು ಹರಿದ. ಜನ ಶಿಳ್ಳೆ ಹೊಡೆದರು. ತಂಗಿ ಬಂದಳು. ಕೆಲಸದ ಬಟ್ಟೆಯಲ್ಲೇ ಇದ್ದಳು, ಕೂದಲಲ್ಲಿ ಹತ್ತಿ ಇತ್ತು. ಬಲಗೈ ಮುಂದೆ ಚಾಚಿ ಬೆಲ್ಟಿಗೆ ಸಿಕ್ಕ ಹಾಗೆ ಜಗ್ಗಿದಳು. ಕಿರುಚಬೇಕಿತ್ತು. ಬಾಯಿ ತೆರೆದಳು. ಕಲಿತದ್ದೆಲ್ಲ ಮರೆತುಹೋಯಿತು. ಎಡಗೈ ತನ್ನಷ್ಟಕ್ಕೆ ತಾನೇ ಮೇಲೆ ಹೋಯಿತು. ಮುಷ್ಟಿ ಕಟ್ಟಿ ನೆತ್ತಿಗೆ ಬಡಿದುಕೊಂಡಳು.

ನಾನು ನೋಡಿದ್ದು ಅವಳನ್ನಲ್ಲ, ಅಪ್ಪನನ್ನು. ಸ್ವಿಚ್ಚಿನ ಹಿಡಿ ಆಗಲೇ ಕೆಳಗಿತ್ತು. ಅವನು ಜನರನ್ನು ನೂಕಿಕೊಂಡು ಬಯಲಿನ ನಡುವೆ ಬಂದ. ಗುಬ್ಬಿಯ ಬಲಗೈ ಹಿಡಿದುಕೊಂಡು ತಿರುಗಿಸಿ ಮುರುಗಿಸಿ ನೋಡಿದ. ಬೆರಳುಗಳನ್ನು ಒಂದೊಂದಾಗಿ ಮುಟ್ಟಿದ. ಎಲ್ಲ ಇದ್ದವು. ಅವನ ಮುಖ ಬಿಳುಚಿಕೊಂಡಿತ್ತು. ಇದೂ ನಾಟಕವೆಂದು ತಿಳಿದು ಜನ ಚಪ್ಪಾಳೆ ತಟ್ಟಿದರು. ಕನ್ನಡಕ "ಕ್ರಾಂತಿಗೆ ಜಯವಾಗಲಿ!" ಎಂದು ಕೂಗಿದ. ಆಮೇಲೆ ಒಬ್ಬೊಬ್ಬರಾಗಿ ಸುಮ್ಮನಾದರು. ಶೆಡ್ಡು ನಿಂತಿತ್ತು. ಪಾಳಿಯ ನಡುವೆ ಅದು ನಿಂತರೆ ಹೇಗಿರುತ್ತದೆ ಎಂಬುದೇ ನಮಗೆ ಮರೆತುಹೋಗಿತ್ತು.

ಓಡುವ ಮಗ್ಗ ಹೀಗೆ ನಡುವೆ ನಿಂತರೆ ಬಟ್ಟೆಯಲ್ಲಿ ಅಡ್ಡಗೆರೆ ಬೀಳುತ್ತದೆ. ಎಲ್ಲ ಮಗ್ಗದ ಬಟ್ಟೆಯಲ್ಲೂ ಗೆರೆ ಬಿತ್ತು. ಮೇಸ್ತ್ರಿ ತಲೆಯ ಮೇಲೆ ಕೈಹೊತ್ತು ಕೂತ. ಅಪ್ಪನನ್ನು ಅಂದೇ ಹೊರಗೆ ಹಾಕಿದರು. ವಿಚಾರಣೆ ಆಗುವ ತನಕ ಗೇಟಿನೊಳಗೆ ಕಾಲಿಡಬಾರದು ಎಂದರು.

ಸಂಜೆ ಅಧ್ಯಕ್ಷನೂ ಬಂದ, ಕನ್ನಡಕನೂ ಬಂದ. ನಮ್ಮ ಮನೆ ಒಂದೇ ಕೋಣೆ. ಅಮ್ಮ ಹೋದ ಮೇಲೆ ಅಪ್ಪ, ನಾನು, ಇಬ್ಬರೇ. ಅವರು ಮಂಚದ ಈ ತುದಿಗೊಬ್ಬ ಆ ತುದಿಗೊಬ್ಬ ಕೂತರು. ಅಪ್ಪ ಚಹಾ ಮಾಡಿಕೊಟ್ಟ.

"ನಿಮ್ಮಪ್ಪಂಗೆ ಏನೂ ಗೊತ್ತಾಗ್ಲಿಲ್ಲ, ನಾಟಕದೋರು ದಾರಿ ತಪ್ಪಿಸಿದ್ರು ಅಂತ ಹೇಳ್ಬಿಡೋಣ," ಎಂದ ಅಧ್ಯಕ್ಷ. "ಕಿವುಡ, ವಯಸ್ಸಾಗಿದೆ, ತಿಳಿವಳಿಕೆ ಕಮ್ಮಿ. ಮಾಲೀಕರು ಕರಗ್ತಾರೆ."

"ತಿಳಿವಳಿಕೆ ಕಮ್ಮಿ?" ಕನ್ನಡಕ ಎದ್ದು ನಿಂತ. "ಇಡೀ ಶೆಡ್ಡನ್ನ ಒಂದು ಕೈಯಲ್ಲಿ ನಿಲ್ಲಿಸಿದ ಮನುಷ್ಯ ಅವರು! ಬೇಕಂತಲೇ ನಿಲ್ಲಿಸ್ದೆ ಅಂತ ಹೇಳ್ಲಿ. ನಾಳೆ ಎಲ್ಲಾ ಶೆಡ್ಡಿನೋರೂ ಹಿಂದೆ ಬರ್ತಾರೆ."

"ಬರ್ತಾರೆ, ಆಮೇಲೆ? ಇವರ ಅನ್ನ ನೀವು ಹಾಕ್ತೀರಾ?"

"ಅನ್ನದ ಹೆಸರಲ್ಲೇ ಅಲ್ವಾ ನಮ್ಮನ್ನ ಬಗ್ಗಿಸಿರೋದು?"

ಅಪ್ಪ ಅವರ ತುಟಿ ನೋಡಲು ಪ್ರಯತ್ನಿಸಿದ. ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರಿಂದ ಏನೂ ತಿಳಿಯಲಿಲ್ಲ. ನನ್ನ ಕಡೆ ತಿರುಗಿ ಕೈಯಲ್ಲಿ ಕೇಳಿದ: "ಯಾಕೆ ಜಗಳ? ಚಹಾಕ್ಕೆ ಸಕ್ಕರೆ ಕಮ್ಮಿ ಆಯ್ತಾ?"

ನನಗೆ ನಗು ಬರಲಿಲ್ಲ. "ನೀನು ಯಾಕೆ ಸ್ವಿಚ್ಚು ತೆಗೆದೆ ಅಂತ ಕೇಳ್ತಿದಾರೆ," ಎಂದೆ.

"ಗುಬ್ಬಿ ಕೈ ಸಿಕ್ಕಿತ್ತಲ್ಲ."

"ಅದು ನಾಟಕ ಅಂತ ನಿಂಗೆ ಗೊತ್ತಿತ್ತಲ್ಲಪ್ಪಾ."

"ಗೊತ್ತಿತ್ತು. ಆ ಸನ್ನೆ ಕಂಡ್ಮೇಲೆ ಗೊತ್ತಿದ್ದದ್ದು ಎಲ್ಲಿ ಹೋಯ್ತೋ."

ಇದನ್ನು ನಾನು ಅವರಿಬ್ಬರಿಗೂ ಹೇಳಿದೆ. ಇಬ್ಬರಿಗೂ ಅದು ಬೇಕಾಗಿರಲಿಲ್ಲ. ಅಷ್ಟು ಹೊತ್ತು ಕಚ್ಚಾಡಿದವರು ಆ ಒಂದು ವಿಷಯದಲ್ಲಿ ಮಾತ್ರ ಒಂದಾದರು. ಹಾಗೆ ಹೇಳಿದರೆ ಏನೂ ಪ್ರಯೋಜನವಿಲ್ಲ ಎಂದರು. ಥೂ, ಒಬ್ಬ ಮನುಷ್ಯ ಒಂದು ಹುಡುಗಿಯ ಕೈ ಉಳಿಸಲು ಓಡಿದ ಎನ್ನುವುದು ಯಾವ ನಾಟಕಕ್ಕೂ ಯಾವ ಸಂಘಕ್ಕೂ ಸಾಲದೇ ಹೋಯಿತು.

ಗಾಜಿನ ಕೋಣೆಯಲ್ಲಿ ವಿಚಾರಣೆ. ಮಾಲೀಕರು, ಮೇಸ್ತ್ರಿ, ಅಧ್ಯಕ್ಷ. ಅಪ್ಪನಿಗೆ ಹೇಳಲು, ಅಪ್ಪನದನ್ನು ಹೇಳಲು ನಾನು. ಕನ್ನಡಕನನ್ನು ಗೇಟಿನಲ್ಲೇ ತಡೆದಿದ್ದರು. ನಮ್ಮನ್ನು ಕೂರಿ ಎನ್ನಲಿಲ್ಲ. ಖಾಲಿ ಕುರ್ಚಿಗಳಿದ್ದವು. ಅಪ್ಪ ಶರಟಿನ ಗುಂಡಿಯನ್ನು ಕತ್ತಿನ ತನಕ ಹಾಕಿಕೊಂಡು ಗೋಡೆಗೆ ಒರಗದೆ ನಿಂತಿದ್ದ. ಗಾಜಿನ ಆಚೆ ಇಡೀ ಶೆಡ್ಡು ನಮ್ಮ ತುಟಿಗಳನ್ನೇ ನೋಡುತ್ತಿತ್ತು.

ಮಾಲೀಕರು ದನಿ ಎತ್ತುವವರಲ್ಲ. "ನಾನೇನು ರಾಕ್ಷಸ ಅಲ್ಲಮ್ಮ. ಆಗಿದ್ದು ಆಯ್ತು. ಇಷ್ಟು ವರ್ಷ ದುಡ್ದಿದಾರೆ. ಒಂದೇ ಒಂದು ಮಾತು ಕೊಡ್ಲಿ. ಇನ್ಮೇಲೆ ಯಾರು ಏನು ಸನ್ನೆ ಮಾಡಿದ್ರೂ ಮೊದ್ಲು ಮೇಸ್ತ್ರಿನ ಕೇಳ್ಬೇಕು. ಮೇಸ್ತ್ರಿ ಹೂಂ ಅಂದ್ಮೇಲೆ ಸ್ವಿಚ್ಚು ಮುಟ್ಬೇಕು. ಇಷ್ಟಕ್ಕೆ ಒಪ್ಕೊಂಡ್ರೆ ನಾಳೆಯಿಂದ ಬರ್ಲಿ."

ಅಧ್ಯಕ್ಷ ನನ್ನ ಮೊಣಕೈ ಒತ್ತಿದ. "ಬಾಯಲ್ಲಿ ಹೂಂ ಅನ್ನಿಸಮ್ಮ. ಮೊದ್ಲು ಕೆಲ್ಸ ಉಳೀಲಿ. ಮಿಕ್ಕಿದ್ದು ನಿಧಾನಕ್ಕೆ ಸರಿ ಮಾಡ್ಸೋಣ."

ನಾನು ಅಪ್ಪನಿಗೆ ಹೇಳಿದೆ. ಈ ಊರಿನಲ್ಲಿ ಕಿವುಡನಿಗೆ, ಈ ವಯಸ್ಸಿನಲ್ಲಿ, ಇನ್ನು ಯಾರು ಕೆಲಸ ಕೊಡುತ್ತಾರೆ? ಹೂಂ ಅನ್ನಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅಪ್ಪ ಎಲ್ಲರನ್ನೂ ಒಮ್ಮೆ ನೋಡಿದ. ಆಮೇಲೆ ತನ್ನ ಬಲಗೈಯನ್ನು ಮುಂದೆ ಚಾಚಿದ. ಎಡಗೈಯಿಂದ ಅದರ ಬೆರಳುಗಳನ್ನು ಬೆಲ್ಟಿನ ಹಾಗೆ ಹಿಡಿದು ಜಗ್ಗಿದ. ಹಾಗೆ ಜಗ್ಗಿಸಿಕೊಳ್ಳುತ್ತಲೇ ಬಾಗಿಲ ತನಕ ನಡೆದ. ಅಲ್ಲಿ ಇಲ್ಲದ ಮೇಸ್ತ್ರಿಯ ಬೆನ್ನು ತಟ್ಟಿದ. ಆ ಇಲ್ಲದ ಮೇಸ್ತ್ರಿ ತಿರುಗಲಿಲ್ಲ. ಕಾದ. ಮತ್ತೆ ತಟ್ಟಿದ. ಎಡಗೈ ಈಗ ಬಲಗೈಯ ಮಣಿಕಟ್ಟಿನಲ್ಲಿತ್ತು. ಮೇಸ್ತ್ರಿ ತಿರುಗಿದ, ಏನು ಎಂದ. ಅಪ್ಪ ವಿವರಿಸಿದ. ಮೊಣಕೈ. ಮೇಸ್ತ್ರಿ ಯೋಚಿಸಿದ, ಶೆಡ್ಡಿನ ಕಡೆ ನೋಡಿದ, ಹೂಂ ಎಂದ. ಅಪ್ಪ ಮತ್ತೆ ಸ್ವಿಚ್ಚಿನ ತನಕ ನಡೆದು ಬಂದ. ಅಷ್ಟರಲ್ಲಿ ಎಡಗೈ ಭುಜಕ್ಕೆ ಬಂದಿತ್ತು. ಸ್ವಿಚ್ಚು ತೆಗೆಯಲು ಅವನು ಬಲಗೈ ಎತ್ತಲು ಹೋದ, ಅದು ಇಲ್ಲ ಎನ್ನುವ ಹಾಗೆ ನೋಡಿದ. ಖಾಲಿ ತೋಳನ್ನು ಮಾಲೀಕರ ಮುಂದೆ ಹಿಡಿದು ನಿಂತ.

ನಿಜವಾದ ಮೇಸ್ತ್ರಿ ಕಿಟಕಿಯ ಕಡೆ ತಿರುಗಿದ.

"ಏನಂತೆ?" ಎಂದರು ಮಾಲೀಕರು. ಅವರಿಗೆ ಅರ್ಥವಾಗಿತ್ತು. ಆದರೂ ಕೇಳಿದರು.

ನಾನು ಒಪ್ಪಿದಾರೆ ಎಂದು ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಅಪ್ಪ ನನ್ನ ತುಟಿಯನ್ನೇ ನೋಡುತ್ತಿದ್ದ.

"ಆಗಲ್ಲಂತೆ," ಎಂದೆ. "ಕೈ ಸಿಕ್ಕಿದೋಳು ಮೇಸ್ತ್ರಿನ ಕೇಳಿ ಸಿಕ್ಕಿಸ್ಕೊಂಡಿರಲ್ಲ, ನಾನು ಯಾಕೆ ಕೇಳ್ಲಿ ಅಂತಿದಾರೆ." ಎರಡನೆಯ ಮಾತನ್ನು ಅಪ್ಪ ಆಡಿರಲಿಲ್ಲ. ಅದು ನನ್ನದು.

ಕೆಲಸ ಹೋಯಿತು.

ಆಮೇಲೆ ಎಲ್ಲರಿಗೂ ಏನೋ ಒಂದು ಸಿಕ್ಕಿತು. ಅಧ್ಯಕ್ಷನಿಗೆ ಜಾಲರಿ ಸಿಕ್ಕಿತು, ಮುಂದಿನ ಸಾಲಿಗೆ ಮಾತ್ರ, ಹಿಂದಿನ ಸಾಲುಗಳಿಗೆ ಹಂತಹಂತವಾಗಿ ಎಂದರು. ಅದಕ್ಕೆ ಬದಲಾಗಿ ಸ್ವಿಚ್ಚಿನ ಹೊಸ ನಿಯಮಕ್ಕೆ ಅವನು ಸಹಿ ಹಾಕಿದ. ಸ್ವಿಚ್ಚಿನ ಮೇಲೆ ಬೋರ್ಡು ಬಂತು: ಮೇಸ್ತ್ರಿಯ ಅಪ್ಪಣೆ ಇಲ್ಲದೆ ಮುಟ್ಟಬಾರದು. ಅಪ್ಪನ ಜಾಗಕ್ಕೆ ಹೊಸಬನೊಬ್ಬ ಬಂದ. ಮನೆಯಲ್ಲಿ ಎಳೆಕೂಸು, ಬಾಣಂತಿ ಹೆಂಡತಿ. ಮಾತು ಕೊಡು ಎಂದರು, ಕೊಟ್ಟ. ಪಾಪ, ನಾನಾಗಿದ್ದರೂ ಕೊಡುತ್ತಿದ್ದೆನೇನೋ.

ಕನ್ನಡಕನಿಗೆ ಹೊಸ ನಾಟಕ ಸಿಕ್ಕಿತು. ಈಗ ಅದರ ಕೊನೆ ಯಾವುದು ಎಂದು ಅವನಿಗೆ ಸಂಶಯವಿರಲಿಲ್ಲ. ಮುದುಕನೊಬ್ಬ ಸ್ವಿಚ್ಚು ಕೆಳಗೆ ಹಾಕಿ, ಮುಷ್ಟಿ ಎತ್ತಿ, ಇಂದಿನಿಂದ ಈ ಶೆಡ್ಡು ನಮ್ಮದು ಎನ್ನುತ್ತಾನೆ. ದೊಡ್ಡ ಸಭಾಂಗಣದಲ್ಲಿ ಆಡಿದರು. ಅಪ್ಪನನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆಯುವಾಗ ಅಪ್ಪ ನನ್ನನ್ನು ಕೇಳಿದ: "ಆ ಮನುಷ್ಯ ಸ್ವಿಚ್ಚು ತೆಗೆದು ಜನರ ಕಡೆ ಯಾಕೆ ನೋಡ್ತಾನೆ? ಆ ಹುಡುಗಿ ಏನಾದ್ಳು?"

"ಗೊತ್ತಿಲ್ಲಪ್ಪಾ," ಎಂದೆ. ನಾಟಕದಲ್ಲಿ ಅದಿರಲಿಲ್ಲ.

ಗುಬ್ಬಿ ಆ ನಾಟಕಕ್ಕೆ ಹೋಗಲೇ ಇಲ್ಲ. ತನ್ನಿಂದ ಮಾವನ ಕೆಲಸ ಹೋಯಿತೆಂದು ಕೊರಗಿ ಕೊರಗಿ ನಗುವುದನ್ನೇ ಮರೆತಳು. ರಜೆಯ ದಿನ ನಮ್ಮ ಮನೆಗೆ ಬಂದು ಪಾತ್ರೆ ತೊಳೆದುಕೊಡುತ್ತಿದ್ದಳು. ಅಪ್ಪ ಅವಳ ಕೈಯಿಂದ ಪಾತ್ರೆ ಕಿತ್ತುಕೊಂಡು, "ನಿನ್ನ ಕೈ ಇದೆಯಲ್ಲ, ಸಾಕು ಹೋಗು," ಎನ್ನುತ್ತಿದ್ದ.

ಅವಳ ಮಗ್ಗ ಹಿಂದಿನ ಸಾಲಿನಲ್ಲಿತ್ತು, ನನ್ನ ಪಕ್ಕ. ಒಂದು ದಿನ, ಊಟದ ಬಿಡುವು ಮುಗಿದಿತ್ತು. ನಾನು ಹರಿದ ನೂಲಿಗೆ ಗಂಟು ಹಾಕುತ್ತಿದ್ದೆ. ಕಣ್ಣಂಚಿನಲ್ಲಿ ಏನೋ ಕಂಡಿತು. ತಿರುಗಿದೆ. ಗುಬ್ಬಿಯ ಎಡಮುಷ್ಟಿ ನೆತ್ತಿಯ ಮೇಲೆ ಬಡಿಯುತ್ತಿತ್ತು. ಬಲಗೈ ಬೆಲ್ಟಿನಲ್ಲಿತ್ತು.

ನಾನೂ ನೆತ್ತಿಗೆ ಬಡಿದುಕೊಂಡೆ. ಮುಂದಿನವಳು ಕಂಡು ಬಡಿದುಕೊಂಡಳು, ಅವಳ ಮುಂದಿನವಳು ಬಡಿದುಕೊಂಡಳು. ಇಡೀ ಶೆಡ್ಡು ತಲೆ ಬಡಿದುಕೊಳ್ಳುತ್ತಿತ್ತು. ಹೊಸಬ ಕಂಡ. ಎದ್ದು ನಿಂತ. ಅವನ ಕೈ ಹಿಡಿಯ ತನಕ ಹೋಯಿತು. ಬೋರ್ಡು ನೋಡಿದ. ನಮ್ಮನ್ನು ನೋಡಿದ. ಕೈ ವಾಪಸು ತೆಗೆದುಕೊಂಡು ಗಾಜಿನ ಕೋಣೆಯ ಕಡೆ ಮೇಸ್ತ್ರಿಯನ್ನು ಕೇಳಲು ಓಡಿದ. ನಾನು ಮಗ್ಗ ಬಿಟ್ಟು ಓಡಿದೆ. ಓಡುವ ಮಗ್ಗಗಳ ನಡುವೆ ಓಡಲು ಜಾಗವೆಲ್ಲಿ? ಮೈ ಅಡ್ಡಡ್ಡ ಮಾಡಿಕೊಂಡು, ಮೊಣಕಾಲು ಜಜ್ಜಿಸಿಕೊಂಡು ಸ್ವಿಚ್ಚಿನ ಹತ್ತಿರ ಬಂದೆ. ಹಿಡಿ ಎಳೆದೆ.

ಶೆಡ್ಡು ನಿಂತಿತು. ಆಗ ಕೇಳಿಸಿತು. ಗುಬ್ಬಿ ಆಗಿನಿಂದಲೂ ಕಿರುಚುತ್ತಲೇ ಇದ್ದಳು.

ಕೈ ಮಣಿಕಟ್ಟಿನ ಮೇಲಿನ ತನಕ ಹೋಗಿತ್ತು. ಅದನ್ನು ನಾನು ಹೇಳುವುದಿಲ್ಲ. ಬೆಲ್ಟಿನಿಂದ ಬಿಡಿಸಿದವಳು ನಾನೇ, ಅದಕ್ಕೇ ಹೇಳುವುದಿಲ್ಲ.

ಆಸ್ಪತ್ರೆಯ ಮೊಗಸಾಲೆಗೆ ಅಧ್ಯಕ್ಷ ಬಂದ, ಕನ್ನಡಕ ಬಂದ. ಇಬ್ಬರ ಕಣ್ಣೂ ಕೆಂಪಾಗಿತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ಅಧ್ಯಕ್ಷ, ಈಗಲಾದರೂ ಎಲ್ಲ ಸಾಲಿಗೂ ಜಾಲರಿ ಕೇಳಬಹುದು ಎಂದ. ಈಗಲೂ ಜಾಲರಿಯೇ, ಜನ ಕುದಿಯುತ್ತಿದ್ದಾರೆ, ಶೆಡ್ಡನ್ನೇ ಕೇಳಲು ಇದೇ ಹೊತ್ತು ಎಂದ ಕನ್ನಡಕ.

"ನಿಮ್ಮಿಬ್ರ ಬಾಯಿಗೂ ಮಣ್ಣು ಹಾಕ!" ಎಂದೆ. ದಾದಿ ಓಡಿ ಬಂದಳು. "ಅವಳು ಒಳಗಿದಾಳೆ. ಯಾರಾದ್ರೂ ಒಬ್ರು ಹೋಗಿ ಮುಖ ನೋಡಿದ್ರಾ? ಎಚ್ಚರ ಆದ್ಮೇಲೆ ಅವಳಿಗೆ ಕೈ ಇಲ್ಲ ಅಂತ ಯಾರು ಹೇಳ್ತೀರಿ? ನೀವಾ? ನೀವಾ?"

ಕೊನೆಗೆ ನಾನೇ ಹೇಳಿದೆ. ಅವಳು ನನ್ನ ತುಟಿ ನೋಡಿದಳು, ಮುಖ ಆ ಕಡೆ ತಿರುಗಿಸಿದಳು. ಎಡಗೈಯ ಒಂದು ಬೆರಳನ್ನು ಮೂಗಿನ ಕೆಳಗೆ ಇಟ್ಟುಕೊಂಡು, ಬೇಡ ಎಂದು ತಲೆಯಾಡಿಸಿದಳು. ಮಾವನಿಗೆ ಹೇಳಬೇಡ.

ಹೇಳದೆ ಹೇಗಿರಲಿ? ಆ ಹೊತ್ತಿಗಾಗಲೇ ನಮ್ಮ ಬೀದಿ ಮಾತಾಡುತ್ತಿತ್ತು. ನಲ್ಲಿಯ ಹತ್ತಿರ ಒಬ್ಬಳು ನನಗೆ ಕೇಳಿಸುವ ಹಾಗೇ ಅಂದಳು: "ಇವರಪ್ಪ ಅವತ್ತು ಸುಮ್ನೆ ಹೂಂ ಅಂದಿದ್ರೆ ಅಲ್ಲೇ ಇರ್ತಿದ್ದ. ಆ ಹುಡುಗಿ ಕೈ ಉಳೀತಿತ್ತು." ಅವಳ ಜುಟ್ಟು ಹಿಡಿದು ಎಳೆಯಬೇಕೆನಿಸಿತು. ಆದರೆ ಆ ಮಾತು ನನ್ನ ಹೊಟ್ಟೆಯೊಳಗೂ ಇತ್ತು. ದೇವರೇ, ಇದು ಅಪ್ಪನ ತಲೆಗೆ ಹೊಳೆಯದಿರಲಿ ಎಂದುಕೊಂಡು ಮನೆಗೆ ಬಂದೆ.

ಅಪ್ಪ ನನ್ನ ಬಟ್ಟೆಯ ಮೇಲಿನ ರಕ್ತ ನೋಡಿದ. ನನ್ನ ಎರಡೂ ಕೈ ಹಿಡಿದು ನೋಡಿದ. "ಯಾರು?" ಎಂದು ಕೇಳಿದ.

ನಾನು ಗುಬ್ಬಿಯ ಹಾಗೆ ಮೂಗಿನ ಕೆಳಗೆ ಬೆರಳಿಟ್ಟೆ. ಅವನು ಮಂಚದ ಮೇಲೆ ಕುಸಿದ. ಯಾವ ಕೈ ಎಂದ. ಬಲಗೈ ಎಂದೆ. ಎಷ್ಟು ಎಂದ. ನನ್ನ ತೋಳಿನ ಮೇಲೆ ಗೆರೆ ಎಳೆದು ತೋರಿಸಿದೆ. ಬಹಳ ಹೊತ್ತು ಅವನ ಕೈಗಳು ತೊಡೆಯ ಮೇಲೆ ಬಿದ್ದೇ ಇದ್ದವು. ಆಮೇಲೆ ಎದ್ದವು.

"ಸ್ವಿಚ್ಚಿನ ಹತ್ರ ಇದ್ದೋನು ಕಂಡನಾ?"

ಕಂಡ ಎಂದು ಹೇಗೆ ಹೇಳಲಿ? ಕಂಡೂ ತೆಗೆಯಲಿಲ್ಲ ಎಂದರೆ ಅಪ್ಪ ಮುಂದೆ ಯಾವ ಪ್ರಶ್ನೆ ಕೇಳುತ್ತಾನೆ, ಅದರ ಮುಂದೆ ಯಾವುದು, ಎಲ್ಲ ನನಗೆ ಕಾಣುತ್ತಿತ್ತು. ಕೊನೆಗೆ ಅವನು ಬಂದು ನಿಲ್ಲುವುದು ಆ ಗಾಜಿನ ಕೋಣೆಯಲ್ಲೇ, ತಾನು ಅನ್ನದೇ ಹೋದ ಆ ಹೂಂ ಹತ್ತಿರವೇ. ಗಾಜಿನ ಕೋಣೆಯಲ್ಲಿ ಬರದ ಸುಳ್ಳು ಈಗ ಕೈಗೆ ಬಂತು.

"ಇಲ್ಲಪ್ಪಾ," ಎಂದೆ. "ಅವನಿಗೆ ಕಾಣ್ಲೇ ಇಲ್ಲ."

ಅಪ್ಪ ನನ್ನ ಮುಖವನ್ನು ನೋಡಿದ. ಒಲೆಯ ಕಡೆ ತಿರುಗೋಣ ಎಂದುಕೊಂಡೆ, ತಿರುಗಲಿಲ್ಲ. ಅವನು ನಿಧಾನವಾಗಿ ತಲೆಯಾಡಿಸಿದ.

"ಪಾಪ, ಹೊಸಬ," ಎಂದ. "ಅಲ್ಲಿ ಒಂದು ಕಂಬ ಅಡ್ಡ ಬರುತ್ತೆ. ಸ್ಟೂಲು ಸ್ವಲ್ಪ ಎಡಕ್ಕೆ ಹಾಕ್ಕೊಂಡ್ರೆ ಹಿಂದಿನ ಸಾಲೂ ಕಾಣುತ್ತೆ. ನಾಳೆ ಹೋಗಿ ಅವನಿಗೆ ಹೇಳು. ಬೈಬೇಡ. ಮೆತ್ತಗೆ ಹೇಳು."

ಅಷ್ಟು ಹೇಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಬೆನ್ನು ಅಲುಗುತ್ತಿತ್ತು. ಅಳುವಾಗ ತನ್ನ ದನಿ ಹೊರಗೆ ಬರುತ್ತದೆಂದು ಅವನಿಗೆ ಗೊತ್ತಾಗುವುದಿಲ್ಲ. ನಾನು ಹೇಳಲಿಲ್ಲ.

ಬೆಳಿಗ್ಗೆ ಶೆಡ್ಡಿಗೆ ಹೋದೆ. ಮೋಟಾರು ಇನ್ನೂ ಶುರುವಾಗಿರಲಿಲ್ಲ. ಹೊಸಬ ಸ್ವಿಚ್ಚಿನ ಹತ್ತಿರ ಕೂತಿದ್ದ. ಕಣ್ಣು ಊದಿಕೊಂಡಿತ್ತು, ಇಡೀ ರಾತ್ರಿ ನಿದ್ದೆ ಮಾಡಿದ ಹಾಗಿರಲಿಲ್ಲ. ನಾನು ಎದುರು ನಿಂತಾಗ ಹೊಡೆಯುತ್ತೇನೆ ಎಂದುಕೊಂಡನೋ ಏನೋ, ಮುಖ ಮುಂದೆ ಮಾಡಿಕೊಂಡು ಕೂತ.

"ನಮ್ಮಪ್ಪ ಹೇಳಿ ಕಳ್ಸಿದಾರೆ," ಎಂದೆ. "ನಿನಗೆ ಕಾಣ್ಲಿಲ್ಲವಲ್ಲ, ಕಂಬ ಅಡ್ಡ ಬರುತ್ತಂತೆ. ಸ್ಟೂಲು ಸ್ವಲ್ಪ ಎಡಕ್ಕೆ ಹಾಕ್ಕೋಬೇಕಂತೆ."

ಅವನು ನನ್ನನ್ನು ನೋಡಿದ. ಎದ್ದು ಸ್ಟೂಲನ್ನು ಎರಡು ಕೈಯಲ್ಲಿ ಎತ್ತಿ ಎಡಕ್ಕೆ ಇಟ್ಟು ಕೂತುಕೊಂಡ. ಅಲ್ಲಿಂದ ಗುಬ್ಬಿಯ ಮಗ್ಗ ಚೆನ್ನಾಗಿ ಕಾಣುತ್ತಿತ್ತು. ಮೊದಲಿನ ಜಾಗದಿಂದಲೂ ಚೆನ್ನಾಗಿಯೇ ಕಾಣುತ್ತಿತ್ತು.